ವಿಶ್ವಶಾಂತಿ ಕಾರ್ಯದಲ್ಲಿ ಭಾರತ: ಗಡಿನಾಡಿನ ಶಾಲೆಗೊಂದು ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಬಂಧುಗಳು ಅಪ್ಪಣೆ ಮಾಡಿದಾಗ, ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಅರ್ಹರು ಇದ್ದಾರೆಂದು ವಿನಂತಿಸಿಕೊಂಡು, ಒಂದು ಪಾಠವನ್ನು ಬರೆದುಕೊಡುತ್ತೇನೆಂದು ಒಪ್ಪಿಕೊಂಡೆನು. ಜೀವಮಾನವೆಲ್ಲ ಪಾಠ ಹೇಳಿದವನಿಗೆ ಅದೇ ಸುಲಭ. ನಾನು ಆರಿಸಿಕೊಂಡ ವಿಷಯ, ವಿಶ್ವಶಾಂತಿ ಪಾಲನೆಯಲ್ಲಿ ಭಾರತದ ಪಾತ್ರ. ಸಮಾಜ ಪಾಠದ ಪುಸ್ತಕಗಳಲ್ಲಿ ಈ ವಿಷಯಕ್ಕೆ ಸಾಮಾನ್ಯವಾಗಿ ದೊರೆಯುವುದು ನಾಲ್ಕಾರು ಸಾಲುಗಳು ಮಾತ್ರ. ವಿಶ್ವಸಂಸ್ಥೆ 1945ರಲ್ಲಿ ಸ್ಥಾಪನೆಯಾಯಿತು, ಭಾರತವು ಅದರ ಸ್ಥಾಪಕ ಸದಸ್ಯ ರಾಷ್ಟ್ರ, ಭಾರತವು ಶಾಂತಿಪಾಲನೆಗಾಗಿ ಸೈನಿಕರನ್ನು ಕಳುಹಿಸಿದೆ ಎಂದು ಬರೆದರೆ ವಿದ್ಯಾರ್ಥಿಗೆ ಅಂಕಗಳು ದೊರೆಯುತ್ತವೆ. ಆದರೆ ಆ ಸೈನಿಕರು ಅಲ್ಲಿಗೆ ಹೋಗಿ ಮಾಡಿದ್ದೇನು? ಯುದ್ಧ ಮಾಡಲಿಕ್ಕಲ್ಲದೆ ಸೈನ್ಯವನ್ನು ಕಳುಹಿಸುವುದೆಂದರೇನು? ಈ ಪ್ರಶ್ನೆಗಳಿಗೆ ಉತ್ತರವನ್ನು ಕನ್ನಡ ನಾಡಿನಿಂದಲೇ ಹೋದ ಇಬ್ಬರು ಮಹನೀಯರ ಕಾರ್ಯದಿಂದ ತಿಳಿಯಬಹುದಾಗಿದೆ. ಅದು ಗಡಿಯಲ್ಲಿ ನೆಲೆಸಿರುವ ನಮ್ಮಂಥವರಿಗೆ ವಿಶೇಷವಾಗಿ ಅನ್ವಯಿಸುವ ಪಾಠ.

ಶಾಂತಿಪಾಲನೆ ಎಂದರೇನು?

ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಹೊಡೆದಾಡುವಾಗ ಮೂರನೆಯವನೊಬ್ಬನು ನಡುವೆ ಬಂದು ನಿಲ್ಲುತ್ತಾನೆ. ಅವನು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಹೊಲ ಯಾರದೆಂದು ತೀರ್ಪು ಕೊಡುವ ಅಧಿಕಾರವೂ ಅವನಿಗಿಲ್ಲ. ಮೊದಲು ಕೈಯಲ್ಲಿರುವ ದೊಣ್ಣೆಗಳನ್ನು ಕೆಳಗಿಡಿಸಿ, ಮಾತನಾಡಲು ಅವಕಾಶ ಕಲ್ಪಿಸುವುದಷ್ಟೇ ಅವನ ಕೆಲಸ. ಇಬ್ಬರಿಗೂ ಅವನಲ್ಲಿ ನಂಬಿಕೆ ಇರಬೇಕು. ಇಲ್ಲದಿದ್ದರೆ ಇಬ್ಬರ ಪೆಟ್ಟೂ ಅವನಿಗೇ ಬೀಳುತ್ತದೆ.

ವಿಶ್ವಸಂಸ್ಥೆಯ ಶಾಂತಿಪಾಲನೆಯ ಮೂಲ ಸೂತ್ರಗಳೂ ಇವೇ ಆಗಿವೆ. ಮೊದಲನೆಯದು, ಕಲಹದಲ್ಲಿರುವ ಪಕ್ಷಗಳ ಒಪ್ಪಿಗೆ. ಎರಡನೆಯದು, ನಿಷ್ಪಕ್ಷಪಾತ. ಮೂರನೆಯದು, ಆತ್ಮರಕ್ಷಣೆಗಾಗಿ ಮತ್ತು ವಹಿಸಿಕೊಟ್ಟ ಕರ್ತವ್ಯದ ರಕ್ಷಣೆಗಾಗಿ ಹೊರತು ಆಯುಧವನ್ನು ಬಳಸದಿರುವುದು. ವಿಶ್ವಸಂಸ್ಥೆಗೆ ತನ್ನದೇ ಆದ ಸೈನ್ಯವಿಲ್ಲ. ಭದ್ರತಾ ಮಂಡಳಿಯು ನಿರ್ಣಯ ಕೈಗೊಂಡ ನಂತರ ಸದಸ್ಯ ರಾಷ್ಟ್ರಗಳು ತಮ್ಮ ಸೈನಿಕರನ್ನು ಎರವಲು ಕೊಡುತ್ತವೆ. ಅವರು ನೀಲಿ ಬಣ್ಣದ ಟೊಪ್ಪಿಗೆಯನ್ನೋ ಶಿರಸ್ತ್ರಾಣವನ್ನೋ ಧರಿಸಿ ಕೆಲಸ ಮಾಡುತ್ತಾರೆ. 1948ರಲ್ಲಿ ಪ್ಯಾಲೆಸ್ಟೈನಿನಲ್ಲಿ ಕದನ ವಿರಾಮವನ್ನು ವೀಕ್ಷಿಸಲು ಮೊದಲ ತಂಡ ಹೋಯಿತು. ಅದರ ನೆನಪಿಗಾಗಿಯೇ ಪ್ರತಿ ವರ್ಷ ಮೇ 29ನೆಯ ದಿನವನ್ನು ವಿಶ್ವಸಂಸ್ಥೆಯ ಶಾಂತಿಪಾಲಕರ ದಿನವಾಗಿ ಆಚರಿಸಲಾಗುತ್ತದೆ.

ಭಾರತವು ಇದುವರೆಗೆ 50ಕ್ಕೂ ಹೆಚ್ಚು ಶಾಂತಿ ಕಾರ್ಯಗಳಿಗೆ ಎರಡೂವರೆ ಲಕ್ಷಕ್ಕೂ ಮಿಕ್ಕಿ ಜನರನ್ನು ಕಳುಹಿಸಿದೆ. ಅವರಲ್ಲಿ 150ಕ್ಕೂ ಹೆಚ್ಚು ಮಂದಿ ಪರದೇಶದ ನೆಲದಲ್ಲಿ ಪ್ರಾಣವನ್ನರ್ಪಿಸಿದ್ದಾರೆ. ತಮ್ಮ ಮನೆಯ ಹೊಲಕ್ಕಾಗಿ ಸತ್ತವರನ್ನು ನಾವು ಬಲ್ಲೆವು. ಅನ್ಯರ ಮನೆಯ ಜಗಳವನ್ನು ಬಿಡಿಸಲು ಹೋಗಿ ಸತ್ತವರನ್ನು ಸ್ಮರಿಸುವುದು ನಮಗಿನ್ನೂ ಅಭ್ಯಾಸವಾಗಿಲ್ಲ.

ಮಂಗಳೂರಿನಿಂದ ಭದ್ರತಾ ಮಂಡಳಿಗೆ

ಸರ್ ಬೆನಗಲ್ ನರಸಿಂಗ ರಾವ್ ಅವರು 1887ರಲ್ಲಿ ಜನಿಸಿದರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸು ಮತ್ತು ಕೇಂಬ್ರಿಜ್‌ಗಳಲ್ಲಿ ಉನ್ನತ ವ್ಯಾಸಂಗ ಮಾಡಿ, ಐ. ಸಿ. ಎಸ್. ಅಧಿಕಾರಿಯಾದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ ನೇಮಕಗೊಂಡು, 1947ರ ಅಕ್ಟೋಬರ್ ತಿಂಗಳಲ್ಲಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದರು. ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯು ಪರಿಶೀಲಿಸಿದ್ದು ಆ ಕರಡನ್ನೇ.

1950-51ರಲ್ಲಿ ಭಾರತವು ಭದ್ರತಾ ಮಂಡಳಿಯ ಸದಸ್ಯನಾಗಿದ್ದಾಗ ರಾಯರು ಅಲ್ಲಿ ನಮ್ಮ ಪ್ರತಿನಿಧಿಯಾಗಿದ್ದರು. ಮಂಡಳಿಯ ಅಧ್ಯಕ್ಷ ಪದವಿ ತಿಂಗಳಿಗೊಬ್ಬರಂತೆ ಸರದಿಯ ಮೇಲೆ ಬರುತ್ತದೆ. 1950ರ ಜೂನ್ ತಿಂಗಳ ಸರದಿ ಭಾರತದ್ದಾಗಿತ್ತು. ಅದೇ ತಿಂಗಳ 25ರಂದು ಉತ್ತರ ಕೊರಿಯದ ಸೈನ್ಯವು ದಕ್ಷಿಣ ಕೊರಿಯವನ್ನು ಪ್ರವೇಶಿಸಿತು. ಯುದ್ಧ ನಿಲ್ಲಬೇಕು, ಉತ್ತರದ ಸೈನ್ಯ ಹಿಂದಿರುಗಬೇಕು ಎಂಬ ನಿರ್ಣಯವು ಕೈಗೊಳ್ಳಲ್ಪಟ್ಟಾಗ ಅಧ್ಯಕ್ಷರ ಪೀಠದಲ್ಲಿದ್ದವರು ಮಂಗಳೂರಿನ ಶಾಲೆಯೊಂದರ ಹಳೆಯ ವಿದ್ಯಾರ್ಥಿ.

ಅದೇ ವರ್ಷದ ಡಿಸೆಂಬರಿನಲ್ಲಿ ಕದನ ವಿರಾಮದ ದಾರಿ ಹುಡುಕಲು ಮೂವರ ಸಮಿತಿಯೊಂದು ರಚನೆಯಾಯಿತು. ಇರಾನಿನ ಎಂತೆಜಾಂ, ಕೆನಡಾದ ಪಿಯರ್ಸನ್ ಮತ್ತು ನರಸಿಂಗ ರಾಯರು ಅದರ ಸದಸ್ಯರು. ಅವರ ಸಲಹೆಯನ್ನು ಚೀನಾ ಒಪ್ಪಲಿಲ್ಲ. ಯುದ್ಧ ಇನ್ನೂ ಎರಡೂವರೆ ವರ್ಷ ನಡೆಯಿತು. ಆದರೂ ಎರಡು ಪಕ್ಷಗಳ ನಡುವೆ ನಿಂತು ಮಾತನಾಡಬಲ್ಲ ರಾಷ್ಟ್ರವೊಂದಿದೆ ಎಂಬುದು ಆಗ ಜಗತ್ತಿಗೆ ತಿಳಿಯಿತು. ಭಾರತವು ಕೊರಿಯಕ್ಕೆ ಕಾದಾಡುವ ಪಡೆಯನ್ನು ಕಳುಹಿಸಲಿಲ್ಲ. ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ನಾಯಕತ್ವದಲ್ಲಿ ವೈದ್ಯಕೀಯ ಪಡೆಯೊಂದನ್ನು ಕಳುಹಿಸಿತು. ರಾಯರು 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ, 1953ರ ನವೆಂಬರ್ 30ರಂದು ನಿಧನರಾದರು.

ಮಡಿಕೇರಿಯ ತಿಮ್ಮಯ್ಯನವರು ಕೊರಿಯದಲ್ಲಿ

ಕೊರಿಯ ಯುದ್ಧವನ್ನು ನಿಲ್ಲಿಸುವ ಮಾತುಕತೆ ಒಂದು ವರ್ಷಕ್ಕೂ ಮಿಕ್ಕಿ ಒಂದೇ ಪ್ರಶ್ನೆಯ ಮೇಲೆ ನಿಂತುಬಿಟ್ಟಿತ್ತು. ಯುದ್ಧ ಮುಗಿದ ಮೇಲೆ ಸೆರೆಯಾಳುಗಳನ್ನು ಅವರವರ ದೇಶಕ್ಕೆ ಕಳುಹಿಸಬೇಕೆಂಬುದು 1949ರ ಜಿನೀವಾ ಒಪ್ಪಂದದ ನಿಯಮ. ಆದರೆ ದಕ್ಷಿಣದಲ್ಲಿ ಸೆರೆಯಲ್ಲಿದ್ದ ಸಾವಿರಾರು ಚೀನೀಯರು ಮತ್ತು ಉತ್ತರ ಕೊರಿಯದವರು ಹಿಂದಿರುಗಲು ಒಲ್ಲೆವೆಂದರು. ಅವರು ನಿಜವಾಗಿ ಒಲ್ಲೆನ್ನುವರೋ, ಅಥವಾ ಯಾರದೋ ಭಯದಿಂದ ಹಾಗೆ ಹೇಳುವರೋ? ಇದನ್ನು ತಿಳಿಯುವುದು ಹೇಗೆ? 1952ರ ಕೊನೆಯಲ್ಲಿ ವಿ. ಕೆ. ಕೃಷ್ಣ ಮೆನನ್ ಅವರು ಭಾರತದ ಪರವಾಗಿ ಮಂಡಿಸಿದ ನಿರ್ಣಯವು ದಾರಿ ತೋರಿಸಿತು. ತಟಸ್ಥ ರಾಷ್ಟ್ರಗಳ ಆಯೋಗವೊಂದು ಸೆರೆಯಾಳುಗಳನ್ನು ತನ್ನ ವಶಕ್ಕೆ ತೆಗೆದುಕೊಂಡು ಅವರ ಇಚ್ಛೆಯನ್ನು ಕೇಳಬೇಕೆಂಬುದೇ ಆ ದಾರಿ. 1953ರ ಜುಲೈ 27ರಂದು ಕದನ ವಿರಾಮಕ್ಕೆ ಸಹಿಯಾಯಿತು.

ಆಯೋಗದಲ್ಲಿ ಸ್ವೀಡನ್, ಸ್ವಿಟ್ಸರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯ ಮತ್ತು ಭಾರತ ಇದ್ದವು. ಅಧ್ಯಕ್ಷತೆ ಭಾರತದ್ದು. ಆ ಪೀಠದಲ್ಲಿ ಕುಳಿತವರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. 1906ರಲ್ಲಿ ಕೊಡಗಿನ ಮಡಿಕೇರಿಯಲ್ಲಿ ಹುಟ್ಟಿದವರು. ಮಡಿಕೇರಿ ಎಂಬ ಹೆಸರು ಕಿವಿಗೆ ನಮ್ಮ ಮದ್ದಿಕೇರದ ತಂಗಿಯಂತೆ ಕೇಳಿಸುತ್ತದೆಯಾದರೂ, ಅದು ಮಳೆಯ ಮಲೆನಾಡು, ನಮ್ಮದು ಮಳೆಗಾಗಿ ಮುಗಿಲು ನೋಡುವ ಸೀಮೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಗೇಡೊಂದನ್ನು ರಣರಂಗದಲ್ಲಿ ಮುನ್ನಡೆಸಿದ ಏಕೈಕ ಭಾರತೀಯ ಅಧಿಕಾರಿ ಅವರು. 1948ರಲ್ಲಿ ಕಾಶ್ಮೀರದ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಲಡಾಖಿನ ದಾರಿಯನ್ನು ಬಿಡಿಸಿಕೊಂಡ ಸೇನಾನಿಯೂ ಅವರೇ. ಯುದ್ಧವನ್ನು ಅಷ್ಟು ಚೆನ್ನಾಗಿ ಬಲ್ಲವರನ್ನು ಶಾಂತಿಯ ಕೆಲಸಕ್ಕೆ ಕಳುಹಿಸಿದ್ದು ಔಚಿತ್ಯಪೂರ್ಣವಾಗಿತ್ತು.

ಸೆರೆಯಾಳುಗಳನ್ನು ಕಾಯಲು ಮೇಜರ್ ಜನರಲ್ ಎಸ್. ಪಿ. ಪಿ. ಥೋರಾಟ್ ಅವರ ನಾಯಕತ್ವದಲ್ಲಿ ಸುಮಾರು 6,000 ಭಾರತೀಯ ಸೈನಿಕರು ಹೋದರು. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್‌ಮನ್ ರೀ ಅವರು ಈ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದರು. ಆದ್ದರಿಂದ ಅವರನ್ನು ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಎತ್ತಿಕೊಂಡು ಹೋಗಿ, ಎರಡು ಸೈನ್ಯಗಳ ನಡುವಿನ ಬರಿದಾದ ಪಟ್ಟಿಯಲ್ಲಿ ಇಳಿಸಬೇಕಾಯಿತು. ಅಲ್ಲಿ ಅವರು ಕಟ್ಟಿಕೊಂಡ ಬಿಡಾರಕ್ಕೆ ಹಿಂದ್ ನಗರವೆಂದು ಹೆಸರಾಯಿತು.

ದಕ್ಷಿಣದ ಪಕ್ಷದಿಂದ ಅವರ ವಶಕ್ಕೆ ಬಂದ ಸೆರೆಯಾಳುಗಳು 22,600ಕ್ಕೂ ಹೆಚ್ಚು. ಅವರಲ್ಲಿ ಸುಮಾರು 14,700 ಮಂದಿ ಚೀನೀಯರು. ಉತ್ತರದ ಪಕ್ಷದಿಂದ ಬಂದವರು 359 ಮಂದಿ. ಅವರಲ್ಲಿ 23 ಮಂದಿ ಅಮೆರಿಕನ್ನರು, ಒಬ್ಬ ಬ್ರಿಟಿಷನು, ಉಳಿದವರು ಕೊರಿಯನ್ನರು. ಒಬ್ಬೊಬ್ಬ ಸೆರೆಯಾಳನ್ನೂ ಡೇರೆಗೆ ಕರೆತಂದು, ಅವನ ದೇಶದ ಪ್ರತಿನಿಧಿ ಅವನ ಭಾಷೆಯಲ್ಲಿಯೇ ವಿವರಣೆ ನೀಡಲು ಅವಕಾಶವಿತ್ತು. ಐದೂ ರಾಷ್ಟ್ರದವರ ಸಮ್ಮುಖದಲ್ಲಿ ಅವನು ತನ್ನ ನಿರ್ಧಾರವನ್ನು ತಿಳಿಸಬೇಕಾಗಿತ್ತು. ಶಿಬಿರಗಳೊಳಗೆ ಎರಡೂ ಪಕ್ಷದ ಚಿತಾವಣೆಗಾರರಿದ್ದರು. ಬೇರೆ ಮಾತನಾಡಿದವನಿಗೆ ತನ್ನವರಿಂದಲೇ ಜೀವಭಯವಿತ್ತು. ಮೇಜರ್ ಗ್ರೇವಾಲ್ ಎಂಬ ಭಾರತೀಯ ಅಧಿಕಾರಿಯನ್ನು ಸೆರೆಯಾಳುಗಳು ಹಿಡಿದಿಟ್ಟಾಗ ಥೋರಾಟರು ಸೈನ್ಯವನ್ನು ನುಗ್ಗಿಸದೆ ತಾವೇ ಅವರ ನಡುವೆ ಹೋಗಿ ಮಾತನಾಡಿ ಅವರನ್ನು ಬಿಡಿಸಿ ತಂದರು. ಅಕ್ಟೋಬರಿನ ಮೊದಲ ದಿನಗಳಲ್ಲಿ ಮಾತ್ರ ಗುಂಪು ಮೇಲೆರಗಿದಾಗ ಕಾವಲಿನವರು ಗುಂಡು ಹಾರಿಸಬೇಕಾಗಿ, ಕೆಲವು ಸೆರೆಯಾಳುಗಳು ಸತ್ತರು.

ಮತ ಹಾಕುವಾಗ ಸ್ವೀಡನ್, ಸ್ವಿಟ್ಸರ್ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯ ಇನ್ನೊಂದು ಕಡೆಯಾಗಿ ಬಿಡುತ್ತಿದ್ದವು. ನಿರ್ಣಯದ ಭಾರ ತಿಮ್ಮಯ್ಯನವರ ಮೇಲೆ ಬೀಳುತ್ತಿತ್ತು. ಅವರು ಯಾವ ಕಡೆಗೆ ಮತವಿತ್ತರೂ ಇನ್ನೊಂದು ಕಡೆಯವರು ಪಕ್ಷಪಾತಿ ಎಂದರು. ಸೆರೆಯಾಳುಗಳನ್ನು ಬಲವಂತದಿಂದ ಡೇರೆಗೆ ತರಬೇಕೆಂದು ಒಬ್ಬರು, ಎಲ್ಲರನ್ನೂ ಆಗಲೇ ಬಿಟ್ಟುಬಿಡಬೇಕೆಂದು ಇನ್ನೊಬ್ಬರು ಒತ್ತಾಯಿಸಿದರು. ಅವರು ಎರಡನ್ನೂ ಒಪ್ಪಲಿಲ್ಲ. 90 ದಿನಗಳ ಅವಧಿ ಮುಗಿದಾಗ, ದಕ್ಷಿಣದಿಂದ ಬಂದವರಲ್ಲಿ ತಾಯ್ನಾಡಿಗೆ ಹಿಂದಿರುಗಿದವರು 600ಕ್ಕೂ ಸ್ವಲ್ಪ ಹೆಚ್ಚು ಮಂದಿ ಮಾತ್ರ. ಉಳಿದ ಬಹುಪಾಲು ಜನರನ್ನು 1954ರ ಜನವರಿಯಲ್ಲಿ, ಅವರನ್ನು ತಮಗೆ ಒಪ್ಪಿಸಿದ್ದ ಪಕ್ಷಕ್ಕೇ ಮರಳಿ ಒಪ್ಪಿಸಲಾಯಿತು. ಎರಡೂ ಕೊರಿಯಗಳು ಬೇಡ, ಚೀನಾವೂ ಬೇಡ ಎಂದ 80ಕ್ಕೂ ಹೆಚ್ಚು ಮಂದಿ ನಮ್ಮ ಸೈನಿಕರ ಜೊತೆಯಲ್ಲೇ ಹಡಗು ಹತ್ತಿ ಮದರಾಸಿಗೆ ಬಂದಿಳಿದರು. ಕಾವಲು ಕಾದವರ ಊರೇ ಅವರಿಗೆ ನಂಬಿಕೆಯ ಊರಾಯಿತು. ಭಾರತದ ನಿಷ್ಪಕ್ಷಪಾತಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

ಅದೇ ದಿನ, ನಮ್ಮ ಸೀಮೆಯಲ್ಲಿ

ಇಲ್ಲಿ ವಿದ್ಯಾರ್ಥಿಗಳು ಒಂದು ದಿನಾಂಕವನ್ನು ಗಮನಿಸಬೇಕು. 1953ರ ಅಕ್ಟೋಬರ್ 1. ಹಿಂದ್ ನಗರದಲ್ಲಿ ನಮ್ಮ ಸೈನಿಕರು ಪರದೇಶದ ಸೆರೆಯಾಳುಗಳನ್ನು ಕಾಯುತ್ತಿದ್ದ ಆ ದಿನವೇ ಆಂಧ್ರ ರಾಜ್ಯವು ಉದಯಿಸಿತು. ಬಳ್ಳಾರಿ ಜಿಲ್ಲೆಯು ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು. ಉಳಿದವು ಮೈಸೂರಿಗೆ ಸೇರಿದವು. ಮದ್ದಿಕೇರವನ್ನೊಳಗೊಂಡ ಪತ್ತಿಕೊಂಡ ತಾಲೂಕು ಮೊದಲಿನಿಂದಲೇ ಕರ್ನೂಲು ಜಿಲ್ಲೆಯಲ್ಲಿತ್ತು. ಹೀಗೆ ಈ ಭಾಗದ ಕನ್ನಡ ಮನೆತನಗಳೂ ಅವರ ಬೀಗರೂ ರೇಖೆಯ ಎರಡು ಬದಿಗಾದರು.

ಆ ರೇಖೆ ನೋವಿಲ್ಲದೆ ಬಿದ್ದುದೆಂದು ನಾನು ಹೇಳಲಾರೆನು. ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೈಗೊಂಡ ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರಿನಲ್ಲಿ ಪ್ರಾಣ ಬಿಟ್ಟರು. ಬಳ್ಳಾರಿಯು ಕನ್ನಡ ನಾಡನ್ನು ಸೇರುವ ಸಂಭ್ರಮದ ಹೊತ್ತಿನಲ್ಲಿ ರಂಜಾನ್ ಸಾಬರು ಬಲಿಯಾದರು. ಎರಡೂ ಹೆಸರುಗಳನ್ನು ಒಂದೇ ಗೌರವದಿಂದ ಸ್ಮರಿಸುವುದು ಗಡಿಯವರ ಧರ್ಮ. ಆದರೆ ರೇಖೆಯನ್ನು ನಿರ್ಣಯಿಸಿದ್ದು ಬಂದೂಕಲ್ಲ. ಬಳ್ಳಾರಿ ತಾಲೂಕಿನ ಪ್ರಶ್ನೆಯನ್ನು ನ್ಯಾಯಮೂರ್ತಿ ಎಲ್. ಎಸ್. ಮಿಶ್ರ ಅವರ ವಿಚಾರಣೆಗೆ ಒಪ್ಪಿಸಲಾಯಿತು. ಎರಡೂ ಕಡೆಯವರು ತಮ್ಮ ವಾದಗಳನ್ನು ಹೇಳಿಕೊಂಡರು. ಸಂಸತ್ತು ಕಾನೂನು ಮಾಡಿತು. ಒಪ್ಪದವರೂ ಮರುದಿನ ಅದೇ ಸಂತೆಯಲ್ಲಿ ಜೋಳ, ಶೇಂಗಾ, ಹತ್ತಿ ಮಾರಿದರು. ಕೊರಿಯದಲ್ಲಿ ರೇಖೆಯ ಆಚೆ ಉಳಿದ ಅಣ್ಣನಿಗೆ ತಮ್ಮನು ಒಂದು ಕಾಗದ ಬರೆಯಲಾರದೆ ಹೋದನು. ನಮಗೆ ಬಳ್ಳಾರಿಯ ಬಂಡಿಯನ್ನಾಗಲಿ ಬೀಗತನವನ್ನಾಗಲಿ ಯಾರೂ ತಡೆಯಲಿಲ್ಲ.

ರೇಖೆಯ ಈ ಬದಿಯಲ್ಲಿ ಉಳಿದವರಿಗೆ ಸಂವಿಧಾನವೇ ಕಾವಲು. ಭಾಷಾ ಅಲ್ಪಸಂಖ್ಯಾತರು ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು 30ನೆಯ ಅನುಚ್ಛೇದವು ಕೊಡುತ್ತದೆ. ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಕರ್ಯ ಒದಗಿಸಲು ಯತ್ನಿಸಬೇಕೆಂದು 1956ರಲ್ಲಿ ಸೇರಿದ 350ಎ ಅನುಚ್ಛೇದವು ರಾಜ್ಯಗಳಿಗೆ ಹೇಳುತ್ತದೆ. ಮೊದಲ ಕರಡನ್ನು ಸಿದ್ಧಪಡಿಸಿದ ನರಸಿಂಗ ರಾಯರ ಕೆಲಸ ಹೀಗೆ ಸುತ್ತಿ ಬಂದು ನಮ್ಮ ಶಾಲೆಯ ಬಾಗಿಲಿಗೇ ಮುಟ್ಟುತ್ತದೆ.

ಸೈಪ್ರಸ್: ಎರಡು ಭಾಷೆಗಳ ದ್ವೀಪ

ತಿಮ್ಮಯ್ಯನವರು 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದರು. ಬಳಿಕ 1964ರ ಜುಲೈನಲ್ಲಿ ವಿಶ್ವಸಂಸ್ಥೆಯ ಕರೆಯ ಮೇರೆಗೆ ಸೈಪ್ರಸ್ ದ್ವೀಪಕ್ಕೆ ಹೋದರು.

ಸೈಪ್ರಸ್ ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪ. ಅಲ್ಲಿ ಗ್ರೀಕ್ ಮಾತನಾಡುವವರು ಬಹುಸಂಖ್ಯಾತರು, ತುರ್ಕಿ ಮಾತನಾಡುವವರು ಅಲ್ಪಸಂಖ್ಯಾತರು. ಶತಮಾನಗಳ ಕಾಲ ಅನೇಕ ಹಳ್ಳಿಗಳಲ್ಲಿ ಇಬ್ಬರೂ ಒಂದೇ ಬಾವಿಯ ನೀರು ಕುಡಿದು ಬದುಕಿದ್ದರು. 1960ರಲ್ಲಿ ದೇಶ ಸ್ವತಂತ್ರವಾಯಿತು. ಅದರ ಸಂವಿಧಾನವು ಶಿಕ್ಷಣವನ್ನು ಎರಡು ಸಮುದಾಯಗಳ ಪ್ರತ್ಯೇಕ ಸಭೆಗಳಿಗೆ ವಹಿಸಿಕೊಟ್ಟಿತು. ಮಕ್ಕಳು ಬೇರೆ ಬೇರೆ ಶಾಲೆಗಳಲ್ಲಿ ಓದಿದರು. 1963ರ ಡಿಸೆಂಬರಿನಲ್ಲಿ ಹಿಂಸೆ ಸಿಡಿಯಿತು. ರಾಜಧಾನಿ ನಿಕೋಸಿಯದ ನಕ್ಷೆಯ ಮೇಲೆ ಬ್ರಿಟಿಷ್ ಸೇನಾಧಿಕಾರಿಯೊಬ್ಬನು ಹಸಿರು ಪೆನ್ಸಿಲಿನಿಂದ ಗೆರೆ ಎಳೆದು ಎರಡು ಜನರನ್ನು ಬೇರ್ಪಡಿಸಿದನು. ಹಸಿರು ರೇಖೆ ಎಂಬ ಹೆಸರು ಅದಕ್ಕೆ ಇಂದಿಗೂ ಉಳಿದಿದೆ.

1964ರ ಮಾರ್ಚ್ 4ರಂದು ಭದ್ರತಾ ಮಂಡಳಿಯು ಶಾಂತಿಪಡೆಯನ್ನು ಸ್ಥಾಪಿಸಿತು. ಅದರ ಮೊದಲ ದಂಡನಾಯಕರು ಲೆಫ್ಟಿನೆಂಟ್ ಜನರಲ್ ಪಿ. ಎಸ್. ಗ್ಯಾನಿ, ಅವರೂ ಭಾರತೀಯರೇ. ಅವರ ನಂತರ ಬಂದವರು ತಿಮ್ಮಯ್ಯನವರು. ಅವರ ಕೈಕೆಳಗೆ ಇದ್ದವರು ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ ಸೈನಿಕರು. ಅವರು ಬಂದ ಮರುತಿಂಗಳೇ ಕೊಕ್ಕಿನ ಎಂಬಲ್ಲಿ ಕಾಳಗವಾಗಿ, ತುರ್ಕಿಯ ವಿಮಾನಗಳು ಬಾಂಬು ಹಾಕಿದವು. ಎರಡು ದೇಶಗಳ ಮಹಾಯುದ್ಧವೇ ಆಗಬಹುದಾಗಿತ್ತು. ಭದ್ರತಾ ಮಂಡಳಿಯ ಕರೆಗೆ ಎರಡೂ ಕಡೆಯವರು ಓಗೊಟ್ಟ ಮೇಲೆ, ಆ ವಿರಾಮವನ್ನು ನೆಲದ ಮೇಲೆ ಕಾಪಾಡುವ ಹೊಣೆ ಶಾಂತಿಪಡೆಯ ಮೇಲೆ ಬಿತ್ತು.

ದಂಡನಾಯಕನ ನಿತ್ಯದ ಕೆಲಸ ಪತ್ರಿಕೆಗಳಲ್ಲಿ ಬರುವಂಥದ್ದಲ್ಲ. ಗುಂಡಿನ ಭಯವಿರುವ ಹೊಲದಲ್ಲಿ ರೈತನು ಬೆಳೆ ಕೊಯ್ಯುವಾಗ ಸೈನಿಕನನ್ನು ಜೊತೆಗೆ ನಿಲ್ಲಿಸುವುದು, ಮುತ್ತಿಗೆಗೊಳಗಾದ ಕೇರಿಗೆ ಆಹಾರದ ಲಾರಿಗಳನ್ನು ಕಾವಲಿನಲ್ಲಿ ಕಳುಹಿಸುವುದು, ಎರಡು ಕಡೆಯವರನ್ನು ಕೂಡಿಸಿ ಒಂದು ಮರಳ ಚೀಲದ ಗೋಡೆಯನ್ನು ಕೆಡವಿಸುವುದು, ಇಂಥವೇ ಶಾಂತಿಯ ಕೆಲಸಗಳು. ಈ ಸೇವೆಯಲ್ಲಿರುವಾಗಲೇ 1965ರ ಡಿಸೆಂಬರ್ 18ರಂದು ತಿಮ್ಮಯ್ಯನವರು ಸೈಪ್ರಸಿನಲ್ಲಿಯೇ ಹೃದಯಾಘಾತದಿಂದ ನಿಧನರಾದರು. ಆ ದೇಶವು 1966ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಅಲ್ಲಿಯ ಲಾರ್ನಾಕಾ ಪಟ್ಟಣದಲ್ಲಿ ಅವರ ಹೆಸರಿನ ಬೀದಿಯಿದೆ. ಮಡಿಕೇರಿಯಲ್ಲಿ ಅವರ ಮನೆಯು 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಹಳೆಯ ವಿದ್ಯಾರ್ಥಿಗಳು ಆ ಕಡೆಗೆ ಹೋದರೆ ಮಕ್ಕಳಿಗೆ ಅದನ್ನು ತೋರಿಸಬೇಕೆಂದು ನನ್ನ ಕೋರಿಕೆ.

ಅವರು ಕಾಪಾಡಿದ ಶಾಂತಿ ಶಾಶ್ವತವಾಗಲಿಲ್ಲ. 1974ರಲ್ಲಿ ಕ್ಷಿಪ್ರಕ್ರಾಂತಿಯಾಗಿ, ತುರ್ಕಿಯ ಸೈನ್ಯವು ಬಂದಿಳಿದು, ದ್ವೀಪವು ಎರಡಾಯಿತು. ಅರ್ಧ ಶತಮಾನ ಕಳೆದರೂ ವಿಶ್ವಸಂಸ್ಥೆಯ ಪಡೆಗೆ ಆ ರೇಖೆಯ ಕಾವಲಿನಿಂದ ಬಿಡುಗಡೆ ದೊರೆತಿಲ್ಲ. ನಡುವೆ ನಿಂತವನು ಹೊಡೆದಾಟವನ್ನು ನಿಲ್ಲಿಸಬಲ್ಲನು, ಸಮಯವನ್ನು ಸಂಪಾದಿಸಿಕೊಡಬಲ್ಲನು. ಆ ಸಮಯದಲ್ಲಿ ಮನಸ್ಸು ಕೂಡಿಸಿಕೊಳ್ಳುವುದು ಅಣ್ಣತಮ್ಮಂದಿರ ಕೆಲಸ.

ಒಪ್ಪಿಗೆ ಇಲ್ಲದಲ್ಲಿ ಏನಾಗುವುದು?

ಭಾರತದ ಅನುಭವವೆಲ್ಲ ಹೂವಿನ ಹಾಸಿಗೆಯಲ್ಲ. 1956ರಿಂದ ಗಾಜಾ ಪ್ರದೇಶದಲ್ಲಿ ನಮ್ಮ ಸೈನಿಕರು ವಿಶ್ವಸಂಸ್ಥೆಯ ಪಡೆಯಲ್ಲಿದ್ದರು. 1967ರಲ್ಲಿ ಈಜಿಪ್ಟ್ ತನ್ನ ಒಪ್ಪಿಗೆಯನ್ನು ಹಿಂದಕ್ಕೆ ಪಡೆದಾಗ ಪಡೆ ಹೊರಡಬೇಕಾಯಿತು; ಕೂಡಲೇ ಯುದ್ಧ ನಡೆಯಿತು. ಕಾಂಗೋದಲ್ಲಿ 1961ರ ಡಿಸೆಂಬರ್ 5ರಂದು ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ ಅವರು ವೀರಮರಣವನ್ನಪ್ಪಿದರು. ಪರಮವೀರ ಚಕ್ರ ಪಡೆದವರಲ್ಲಿ ವಿಶ್ವಸಂಸ್ಥೆಯ ಸೇವೆಯಲ್ಲಿದ್ದವರು ಅವರೊಬ್ಬರೇ.

ನೆರೆಯ ಶ್ರೀಲಂಕೆಗೆ 1987ರ ಜುಲೈ 29ರ ಒಪ್ಪಂದದಂತೆ ಹೋದ ನಮ್ಮ ಶಾಂತಿಪಡೆಯು ವಿಶ್ವಸಂಸ್ಥೆಯದಲ್ಲ, ಭಾರತದ್ದೇ. ಆಯುಧ ಹಿಡಿದಿದ್ದ ತಮಿಳು ಹುಲಿಗಳ ಮನಃಪೂರ್ವಕ ಒಪ್ಪಿಗೆ ಆ ಒಪ್ಪಂದಕ್ಕೆ ಇರಲಿಲ್ಲ. ಶಾಂತಿಗಾಗಿ ಹೋದ ಸೈನ್ಯ ಯುದ್ಧದಲ್ಲಿ ಸಿಲುಕಿ, ಸುಮಾರು 1,200 ಯೋಧರನ್ನು ಕಳೆದುಕೊಂಡು, 1990ರ ಮಾರ್ಚಿನಲ್ಲಿ ಹಿಂದಿರುಗಿತು. ತಮಿಳರಿಗೂ ಸಿಂಹಳೀಯರಿಗೂ ಬೇಡವಾಗಿದ್ದ ಆ ಯೋಧರ ತ್ಯಾಗ ಸಣ್ಣದಲ್ಲ. ಆದರೆ ಕೊರಿಯದ ಪಾಠವನ್ನು ಅದು ಬೇರೊಂದು ರೀತಿಯಲ್ಲಿ ಕಲಿಸಿತು. ಇಬ್ಬರೂ ಒಪ್ಪಿ ಕರೆದಾಗ ಆರು ಸಾವಿರ ಮಂದಿ ಸಾಕಾದರು. ಒಪ್ಪಿಗೆ ಇಲ್ಲದಲ್ಲಿ ಹತ್ತಾರು ಸಾವಿರ ಮಂದಿಯೂ ಸಾಲದಾದರು.

2007ರಲ್ಲಿ ಭಾರತವು ಆಫ್ರಿಕದ ಲೈಬೀರಿಯಕ್ಕೆ ಮಹಿಳೆಯರದೇ ಆದ ಪೊಲೀಸ್ ದಳವನ್ನು ಕಳುಹಿಸಿತು. ವಿಶ್ವಸಂಸ್ಥೆಯ ಇತಿಹಾಸದಲ್ಲಿ ಅಂಥದು ಅದೇ ಮೊದಲು. 2016ರವರೆಗೆ ಸರದಿಯ ಮೇಲೆ ಬಂದ ನಮ್ಮ ಹೆಣ್ಣುಮಕ್ಕಳು ಅಲ್ಲಿ ಬೀದಿ ಕಾದರು. ನಮ್ಮ ಶಾಲೆಯ ವಿದ್ಯಾರ್ಥಿನಿಯರು ಈ ಸಂಗತಿಯನ್ನು ವಿಶೇಷವಾಗಿ ನೆನಪಿಡಬೇಕು.

ಗಡಿಯ ಶಾಲೆಯ ಕರ್ತವ್ಯ

ಆಂಧ್ರದಲ್ಲಿದ್ದುಕೊಂಡು ಮಕ್ಕಳನ್ನು ಕನ್ನಡ ಶಾಲೆಗೆ ಏಕೆ ಕಳುಹಿಸಬೇಕು ಎಂದು ಅನೇಕ ತಂದೆತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಉದ್ಯೋಗದ ಲೆಕ್ಕದಿಂದ ಅದಕ್ಕೆ ಉತ್ತರ ಹೇಳಬಲ್ಲವರು ಬೇರೆ ಇದ್ದಾರೆ. ನಾನು ಈ ಪಾಠದ ಲೆಕ್ಕದಿಂದ ಹೇಳುತ್ತೇನೆ. ಸೈಪ್ರಸಿನಲ್ಲಿ ಎರಡು ಬಗೆಯ ಶಾಲೆಗಳಿದ್ದುದು ತಪ್ಪಲ್ಲ; ಒಂದು ಶಾಲೆಯ ಮಗು ಇನ್ನೊಂದು ಶಾಲೆಯ ಮಗುವಿನ ಮಾತನ್ನು ಅರಿಯದೆ ಬೆಳೆದದ್ದೇ ಅನರ್ಥ. ನಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಮಗು ತೆಲುಗನ್ನೂ ಕಲಿಯುತ್ತದೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಎರಡರಲ್ಲೂ ಜಗಳವಾಡಬಲ್ಲದು, ಎರಡರಲ್ಲೂ ರಾಜಿ ಮಾಡಿಸಬಲ್ಲದು. ನೀರಿಗಾಗಿ, ಗಡಿಗಾಗಿ, ಹುದ್ದೆಗಾಗಿ ಎರಡು ನಾಡುಗಳ ನಡುವೆ ಮನಸ್ತಾಪ ಬಂದಾಗ, ಇಬ್ಬರ ಮಾತನ್ನೂ ಕೇಳಿಸಿಕೊಳ್ಳಬಲ್ಲವರು ಎಷ್ಟು ಮಂದಿ ಇರುತ್ತಾರೆಂಬುದರ ಮೇಲೆ ಶಾಂತಿ ನಿಂತಿರುತ್ತದೆ. ಅಂಥವರನ್ನು ಐವತ್ತು ವರ್ಷಗಳಿಂದ ತಯಾರು ಮಾಡುತ್ತಿರುವ ಶಾಲೆ ಇದು. ಈ ಶಾಲೆ ಕ್ಷೀಣಿಸಿದರೆ ಕನ್ನಡಕ್ಕೆ ಆಗುವಷ್ಟೇ ನಷ್ಟ ತೆಲುಗಿಗೂ ಆಗುವುದು.

ಪಾಠದ ಕೊನೆಯಲ್ಲಿ ಪ್ರಶ್ನೆಗಳನ್ನು ಕೊಡುವುದು ಹಳೆಯ ಅಭ್ಯಾಸ. ವಿದ್ಯಾರ್ಥಿಗಳು ಹಿರಿಯರೊಡನೆ ಕುಳಿತು ಇವುಗಳನ್ನು ಚರ್ಚಿಸಲಿ.

1. ಭೂಪಟದಲ್ಲಿ ಕೊರಿಯ, ಸೈಪ್ರಸ್, ಕಾಂಗೋ, ಲೈಬೀರಿಯಗಳನ್ನು ಗುರುತಿಸಿರಿ. ಅದೇ ಪುಟದಲ್ಲಿ ಮಡಿಕೇರಿ, ಮಂಗಳೂರು, ಮದ್ದಿಕೇರಗಳನ್ನೂ ಗುರುತಿಸಿರಿ.

2. ಎರಡೂ ಕಡೆಯವರು ಪಕ್ಷಪಾತಿ ಎಂದು ನಿಂದಿಸಿದಾಗ ತಿಮ್ಮಯ್ಯನವರು ಯಾವ ನಿಯಮವನ್ನು ಬಿಡಲಿಲ್ಲ?

3. ಕೊರಿಯದಲ್ಲಿ ಒದಗಿದ ಯಶಸ್ಸು ಶ್ರೀಲಂಕೆಯಲ್ಲಿ ಏಕೆ ಒದಗಲಿಲ್ಲ? ಕಾರಣಗಳನ್ನು ವಿವರಿಸಿರಿ.

4. 1953ಕ್ಕೆ ಮೊದಲು ಹುಟ್ಟಿದ ಹಿರಿಯರೊಬ್ಬರನ್ನು ಕಂಡು, ರಾಜ್ಯದ ಗೆರೆ ಬಿದ್ದಾಗ ಅವರ ಮನೆಯಲ್ಲಿ ಏನಾಯಿತೆಂದು ಕೇಳಿ, ಕನ್ನಡದಲ್ಲಿ ಬರೆದು, ತೆಲುಗು ಗೆಳೆಯನಿಗೆ ತೆಲುಗಿನಲ್ಲಿ ಹೇಳಿರಿ.

ನಾಲ್ಕನೆಯ ಪ್ರಶ್ನೆಗೆ ಉತ್ತರ ಹೇಳಬಲ್ಲ ಹಿರಿಯರು ವರ್ಷ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಆದುದರಿಂದ ಅದನ್ನೇ ಮೊದಲು ಮಾಡಿರಿ. ಶಾಲೆಗೂ ಶಾಲೆಯ ಮಕ್ಕಳಿಗೂ ಶುಭವಾಗಲಿ.